ಭೂತಬಂಗಲೆಯಲ್ಲಿ ಅಪ್ಪನ ನಗು

ಅಪ್ಪ ತೀರಿಕೊಂಡ ಮೇಲೂ ಅವರ ನಗು ದಿನಾ ಕೆಲಸಕ್ಕೆ ಹೋಗುತ್ತಿತ್ತು. ಚೆನ್ನೈ ದಾಟಿ ಸಮುದ್ರದ ಪಕ್ಕದ ರಸ್ತೆ ಹಿಡಿದರೆ ಒಂದು ಹಳೆಯ ಪಾರ್ಕು ಸಿಗುತ್ತದೆ. ರಾಟೆ ತೊಟ್ಟಿಲು, ತೂಗುವ ಹಡಗು, ಪುಟಾಣಿ ರೈಲು ಎಲ್ಲ ಇರುವಂಥದ್ದು. ಅಲ್ಲೊಂದು ಭೂತಬಂಗಲೆ ಇತ್ತು. ಹಳಿಯ ಮೇಲೆ ಓಡುವ ಸಣ್ಣ ಗಾಡಿಯಲ್ಲಿ ನಮ್ಮನ್ನು ಕೂರಿಸಿ ಕತ್ತಲೊಳಗೆ ಕಳಿಸುತ್ತಿದ್ದರು. ಅಸ್ಥಿಪಂಜರವೊಂದು ಮುಖದ ಹತ್ತಿರಕ್ಕೆ ಬಂದು ಹೋಗುವುದು, ಹತ್ತಿಯ ಜೇಡರ ಬಲೆ ಕೆನ್ನೆಗೆ ತಾಗುವುದು, ಮೂಲೆಮೂಲೆಯಿಂದ ಅಟ್ಟಹಾಸ. ಆ ಅಟ್ಟಹಾಸ ನಮ್ಮಪ್ಪನದು. ಭಾನುವಾರವೂ ರಜವಿಲ್ಲದೆ ನಗುತ್ತಿದ್ದರು, ಪಾಪ.

ಅಪ್ಪ ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತರು. ಆಳು ಕಡ್ಡಿ, ಶರಟಿನೊಳಗೆ ಇದ್ದಾರೋ ಇಲ್ಲವೋ ಅನ್ನಿಸುವಷ್ಟು ತೆಳ್ಳಗೆ. ಆದರೆ ದನಿ ಮಾತ್ರ ಅದೆಲ್ಲಿಂದ ಬರುತ್ತಿತ್ತೋ ದೇವರಿಗೇ ಗೊತ್ತು. ಕನ್ನಡ ಸಂಘದ ನಾಟಕ ಎಂದರೆ ರಾಕ್ಷಸನ ಪಾತ್ರ ಅವರಿಗೇ. ವೆಸ್ಟ್ ಮಾಂಬಲಂನ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದರು. ಕೆಳಗಿನ ಮನೆಯ ಮಾಮಿ ಒಮ್ಮೆ ಗಾಬರಿಯಾಗಿ, ಯಜಮಾನರಿಗೆ ಮೈಯಲ್ಲಿ ಹುಷಾರಿದೆಯೇ ಎಂದು ಕೇಳಲು ಮೇಲೆ ಹತ್ತಿ ಬಂದಿದ್ದರು. ಅಮ್ಮನಿಗೆ ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆ. ಅಪ್ಪನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇರೆ ಬೇಕಿರಲಿಲ್ಲ.

ಸಂಘದ ನಾಟಕಗಳಿಗೆ ಮೈಕ್ ಸೆಟ್ ಹಾಕುತ್ತಿದ್ದ ತಮಿಳಿನವರೊಬ್ಬರಿಗೆ ಆಗ ಹೊಸದಾಗಿ ಕಟ್ಟುತ್ತಿದ್ದ ಈ ಪಾರ್ಕಿನ ಸೌಂಡ್ ಕೆಲಸ ಸಿಕ್ಕಿತ್ತು. ದೆವ್ವದ ದನಿ ಬೇಕೆಂದು ಅವರು ನೆನೆದದ್ದು ಅಪ್ಪನನ್ನು. ಅಪ್ಪ ಹಿಗ್ಗಿ ಹೀರೇಕಾಯಿಯಾಗಿ, ರಾತ್ರಿಯೆಲ್ಲ ಕೂತು ತಮಿಳಿನಲ್ಲೇ ಉದ್ದನೆಯ ಮಾತುಗಳನ್ನು ಬರೆದುಕೊಂಡರು. ಮೈಕಿನವರು ಸಮಾಧಾನದಿಂದ ಪೂರ್ತಿ ಕೇಳಿಸಿಕೊಂಡು, ಬಹಳ ಮರ್ಯಾದೆಯಿಂದ, "ಸಾರ್, ಡೈಲಾಗ್ ವೇಂಡಾಂ. ಸಿರಿಪ್ಪು ಮಟ್ಟುಂ ಪೋದುಂ" ಅಂದರಂತೆ. ಮಾತು ಬೇಡ, ನಗು ಮಾತ್ರ ಸಾಕು. ಅರ್ಧ ಆಯಸ್ಸು ಚೆನ್ನೈಯಲ್ಲಿ ಕಳೆದರೂ ಅಪ್ಪನ ತಮಿಳು ಕೇಳಿದವರು ಹೆದರುವ ಬದಲು ನಗುತ್ತಿದ್ದರು, ಅದು ನಿಜ. ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಹೋಗಿ ನಕ್ಕು ಬಂದರು.

ಪಾರ್ಕು ಶುರುವಾದಾಗ ನಮಗೆ ಪಾಸು ಸಿಕ್ಕಿತು. ಆಮೇಲೂ ಪ್ರತಿ ಬೇಸಿಗೆಯಲ್ಲಿ ಅಪ್ಪ ಟಿಕೆಟ್ ತೆಗೆದಾದರೂ ಕರೆದುಕೊಂಡು ಹೋಗುತ್ತಿದ್ದರು, ಬೇರೆ ಯಾವ ಆಟಕ್ಕೂ ಅಲ್ಲ, ತಮ್ಮ ನಗು ಕೇಳುವುದಕ್ಕೆ. ಸಾಲಿನಲ್ಲಿ ಹಿಂದೆ ಮುಂದೆ ನಿಂತವರಿಗೆಲ್ಲ ಒಳಗೆ ನಗುವುದು ನಾನೇ ಎಂದು ಹೇಳಿಕೊಳ್ಳುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ. ಎಳೆಹುಡುಗಿ ನಾನು ಬೇರೆ ಯಾರದೋ ಮಗಳ ಥರ ಆ ಕಡೆ ತಿರುಗಿ ನಿಲ್ಲುತ್ತಿದ್ದೆ. ಅಮ್ಮ ಮಾತ್ರ ಒಂದು ಸಲವೂ ಒಳಗೆ ಹೋಗಲಿಲ್ಲ. ಹೊರಗಿನ ಕಲ್ಲುಬೆಂಚಿನ ಮೇಲೆ ಪುಳಿಯೋಗರೆ ಡಬ್ಬಿ, ಬ್ಯಾಗು, ನಮ್ಮ ಚಪ್ಪಲಿ ಎಲ್ಲ ಕಾಯುತ್ತ ಕೂರುತ್ತಿದ್ದಳು. ಒಂದೇ ಒಂದು ಸಲ ಬಾರೇ ಎಂದು ಅಪ್ಪ ಗೋಗರೆದರೆ, ಮನೆಯಲ್ಲಿ ಕೇಳೋದು ಸಾಲದೇ ಎನ್ನುತ್ತಿದ್ದಳು. ಅಪ್ಪ ಮುನಿಸಿಕೊಂಡು ಮಾತಿಲ್ಲದೆ ಪುಳಿಯೋಗರೆ ತಿನ್ನುತ್ತಿದ್ದರು. ತಿನ್ನುವುದೇನೂ ಕಡಿಮೆಯಾಗುತ್ತಿರಲಿಲ್ಲ.

ಫೋನಿನಲ್ಲಿ ಕಂಡದ್ದನ್ನೆಲ್ಲ ಹಿಡಿದಿಡುವ ಕಾಲ ಬರುವ ಮುಂಚೆಯೇ ಅಪ್ಪ ಹೋಗಿಬಿಟ್ಟರು. ನಾಟಕದ ಕ್ಯಾಸೆಟ್ಟುಗಳಿಗೆ ಈ ಊರಿನ ಸೆಕೆಗೆ ಬೂಷ್ಟು ಹಿಡಿಯಿತು. ಇನ್ನು ನನ್ನ ಮದುವೆಯ ವಿಡಿಯೋ. ಅದರಲ್ಲಿ ಅಪ್ಪ ಕ್ಯಾಮೆರಾ ಕಡೆ ತಿರುಗಿ, ಕೈ ಎತ್ತಿ, ಏನೋ ಉದ್ದಕ್ಕೆ ಹೇಳುತ್ತಾರೆ. ಬಾಯಿ ಆಡುವುದು ಕಾಣುತ್ತದೆ, ಕೇಳುವುದು ನಾದಸ್ವರ. ವಿಡಿಯೋದವನು ಉದ್ದಕ್ಕೂ ನಾದಸ್ವರ ಹಾಕಿಬಿಟ್ಟಿದ್ದಾನೆ, ಅವನ ಕೈ ಸೇದಿಹೋಗ! ಏನು ಹೇಳುತ್ತಿದ್ದಾರೆ ಎಂದು ತುಟಿ ನೋಡಿ ನೋಡಿ ನನ್ನ ಕಣ್ಣು ನೊಂದಿದೆಯೇ ಹೊರತು ಒಂದು ಪದವೂ ಸಿಕ್ಕಿಲ್ಲ. ಮುಖ ಬೇಕೆಂದರೆ ಫೋಟೋ ಇದೆ. ದನಿ ಬೇಕು ಅನ್ನಿಸಿದಾಗ ಏನು ಮಾಡುವುದು? ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಕೌಂಟರಿನ ಆ ಕಡೆ ಯಾರೋ ವಯಸ್ಸಾದವರು ದೊಡ್ಡದಾಗಿ ನಕ್ಕರೆ ನನ್ನ ಕೈ ನಿಂತುಹೋಗುತ್ತದೆ. ಹಾಗಿದ್ದೂ ಪಾರ್ಕಿಗೆ ಹೋಗಿರಲಿಲ್ಲ. ಅಲ್ಲೇ ಇದೆಯಲ್ಲ, ಯಾವಾಗ ಬೇಕಾದರೂ ಹೋದರಾಯಿತು ಎಂಬ ಧೈರ್ಯ. ಭೂಮಿಯ ಮೇಲೆ ಅಪ್ಪನ ದನಿ ಉಳಿದಿರುವ ಒಂದೇ ಜಾಗ ಅದು ಎಂದು ಗೊತ್ತಿತ್ತು, ಅದು ಇರುತ್ತದೆ ಎಂದೂ ಅಂದುಕೊಂಡಿದ್ದೆ.

ಸುದ್ದಿ ತಂದವಳು ನನ್ನ ಮಗಳು. ಕಾಲೇಜು ಓದುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಜಾತಿ. ಒಂದು ಸಂಜೆ ಫೋನು ಚಾಚಿ, ನೋಡಮ್ಮಾ, ಆ ಪೇಯ್ ವೀಡನ್ನು, ಅದೇ ಭೂತಬಂಗಲೆಯನ್ನು, ತೆಗೆದುಬಿಡುತ್ತಾರಂತೆ ಎಂದು ತೋರಿಸಿದಳು. ಹೋದ ವರ್ಷ ಊರಿಗೆಲ್ಲ ಹುಚ್ಚು ಹಿಡಿಸಿದ ಸಿನಿಮಾ ಒಂದಿತ್ತಲ್ಲ, ಅದರ ವಿಲನ್ನಿನ ಸುರಂಗವನ್ನು ಅಲ್ಲಿ ಕಟ್ಟುತ್ತಾರಂತೆ. ತ್ರೀಡಿ ಕನ್ನಡಕ, ಅಲುಗಾಡುವ ಕುರ್ಚಿ, ಮುಖಕ್ಕೆ ನೀರು ಚಿಮುಕಿಸುವುದು, ಎಲ್ಲ. ಬರುವ ಭಾನುವಾರವೇ ಹಳೆಯದರ ಕೊನೆಯ ದಿನ.

ಮಾರನೆಯ ದಿನವೇ ಪಾರ್ಕಿನ ಆಫೀಸಿಗೆ ಫೋನು ಮಾಡಿದೆ. ಆ ನಗುವಿನ ರೆಕಾರ್ಡಿಂಗ್ ಕೊಡಿ, ಸಾಕು, ಬಂಗಲೆ ಬೇಕಾದರೆ ಬೀಳಿಸಿಕೊಳ್ಳಿ ಎಂದೆ. ಆ ಕಡೆಯ ಹುಡುಗಿ ತುಂಬಾ ಚೆನ್ನಾಗಿ ಮಾತಾಡಿದಳು, ಆದರೆ ಹಾಗೊಂದು ಫೈಲು ಸಿಸ್ಟಮ್‌ನಲ್ಲಿ ಇಲ್ಲ ಎಂದಳು. ಮೈಕಿನವರೂ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಹಳೆಯ ಬಂಗಲೆಗೇ ಹೊಸ ಸಿನಿಮಾದ ಮ್ಯೂಸಿಕ್ಕನ್ನು ಈಗಲೇ ಹಾಕಿಯಾಗಿದೆ, ಬನ್ನಿ, ತುಂಬಾ ಚೆನ್ನಾಗಿದೆ ಎಂದು ನನ್ನನ್ನೇ ಆಹ್ವಾನಿಸಿದಳು.

ಹೊಟ್ಟೆಯ ಉರಿಯನ್ನೆಲ್ಲ ಮಗಳ ಮೇಲೆ ಕಾರಿದೆ. ಜಾರುವುದಕ್ಕೂ ಸಿನಿಮಾ, ತಿರುಗುವುದಕ್ಕೂ ಸಿನಿಮಾ, ಹೀರೋ ಮುಖ ಅಂಟಿಸದೆ ಇವರಿಗೆ ಒಂದು ಉಯ್ಯಾಲೆ ಕಟ್ಟುವುದಕ್ಕೂ ಬರುವುದಿಲ್ಲವೇ ಎಂದೆ. ಅವಳು ತಣ್ಣಗೆ, ನಿನಗೆ ತಾತನ ನಗು ಅಂತ ಇಷ್ಟ, ನನಗೆ ಆ ಸಿನಿಮಾ ಇಷ್ಟ, ಬೇರೆಯವರಿಗೆ ಅದೊಂದು ಹರಕಲು ಅಸ್ಥಿಪಂಜರ ಅಷ್ಟೇ ಅಲ್ಲವಾ ಎಂದಳು. ಮೈಯೆಲ್ಲ ಉರಿಯಿತು, ಏಕೆಂದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಅವಳೇ ಹತ್ತಿರ ಬಂದು ಕೂತು, ತಾತನ ದನಿ ನಾನು ಕೇಳೇ ಇಲ್ಲ, ಮ್ಯೂಸಿಕ್ ಹಾಕಿದ್ದರೂ ನಗು ಎಲ್ಲಾದರೂ ಉಳಿದಿರುತ್ತದೆ, ಹೋಗೋಣ, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಡುತ್ತೇನೆ ಎಂದಳು. ಅವಳು ಹುಟ್ಟುವ ಹೊತ್ತಿಗೆ ಅಪ್ಪ ಇರಲಿಲ್ಲ.

ಅಮ್ಮ ನಮ್ಮ ಜೊತೆಯಲ್ಲೇ ಇರುವುದು. ಹುರುಳಿಕಾಯಿ ಬಿಡಿಸುತ್ತ ಎಲ್ಲ ಕೇಳಿಸಿಕೊಂಡಿದ್ದಳು. "ಈ ಬಿಸಿಲಲ್ಲಿ ಸುಮ್ನೆ ಅಲೈಚ್ಚಲ್. ನೀವ್ ಬೇಕಾದ್ರೆ ಹೋಗಿ, ನಾನ್ ಬರಲ್ಲಪ್ಪ" ಎಂದಳು. ಅಲೆದಾಟ ಎನ್ನುವ ಕನ್ನಡದ ಮಾತು ಅವಳಿಗೆ ಮರೆತುಹೋಗಿ ಎಷ್ಟೋ ಕಾಲವಾಗಿದೆ. ಆದರೆ ಭಾನುವಾರ ನಾನು ಎದ್ದು ನೋಡಿದರೆ ಅಡುಗೆಮನೆಯಲ್ಲಿ ಪುಳಿಯೋಗರೆ ಕಲೆಸುತ್ತಿದ್ದಳು, ತಲೆ ಬಾಚಿಯಾಗಿತ್ತು, ರೇಷ್ಮೆ ಅಂಚಿನ ಸೀರೆ ಉಟ್ಟಾಗಿತ್ತು. ನಾನು ನೋಡಿದ್ದನ್ನು ನೋಡಿ, ನೀವಿಬ್ಬರೂ ಒಳಗೆ ಹೋದರೆ ಬ್ಯಾಗು ಯಾರು ನೋಡಿಕೊಳ್ಳುತ್ತಾರೆ ಎಂದಳು.

ಪಾರ್ಕಿನಲ್ಲಿ ನನಗೆ ದಾರಿಯೇ ತಿಳಿಯಲಿಲ್ಲ. ತೂಗುವ ಹಡಗಿಗೆ ಯಾವುದೋ ಸಿನಿಮಾದ ಕಡಲುಗಳ್ಳನ ತಲೆ ಬಂದಿತ್ತು. ಪುಟಾಣಿ ರೈಲಿನ ಮೂತಿಗೆ ಕಾರ್ಟೂನಿನ ಕಣ್ಣು. ಅದರಲ್ಲಿ ಕೂತಿದ್ದ ಮಕ್ಕಳು ಮಾತ್ರ ನಾವು ಅರಚುತ್ತಿದ್ದ ಹಾಗೇ ಅರಚುತ್ತಿದ್ದರು. ಗೇಟಿನಲ್ಲೇ ಹೊರಗಿನ ತಿಂಡಿ ಬಿಡುವುದಿಲ್ಲ ಎಂದು ಪುಳಿಯೋಗರೆ ಡಬ್ಬಿಯನ್ನು ತೆಗೆದಿಟ್ಟುಕೊಂಡರು, ಹೋಗುವಾಗ ಕೊಡುತ್ತಾರಂತೆ. ಬ್ಯಾಗುಗಳನ್ನು ಲಾಕರಿನಲ್ಲಿ ಇಡಬೇಕಂತೆ. ಭೂತಬಂಗಲೆಯ ಹತ್ತಿರ ಬಂದಾಗ ಅಮ್ಮನ ಕೈ ಖಾಲಿ. ಹಳೆಯ ಕಲ್ಲುಬೆಂಚಿನ ಜಾಗದಲ್ಲಿ ಆ ಸಿನಿಮಾದ ಹೀರೋನ ದೊಡ್ಡ ಕಟೌಟು ನಿಂತಿತ್ತು. ಅಮ್ಮ ಅದನ್ನು ಮೇಲಿಂದ ಕೆಳಗೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಸರಿ, ನಡೀರಿ" ಎಂದಳು.

ಟಿಕೆಟ್ ನೋಡುವ ಹುಡುಗಿ ತಡೆದಳು. ಎದೆನೋವಿರುವವರು, ವಯಸ್ಸಾದವರು ಹೋಗುವಂತಿಲ್ಲ, ಅಜ್ಜಿ ಹೆದರಿಕೊಂಡುಬಿಡುತ್ತಾರೆ ಎಂದು ಅವಳ ವಾದ. ನಾನು ಇಂಗ್ಲಿಷಿನಲ್ಲಿ ನಿಯಮ ಮಾತಾಡಲು ಬಾಯಿ ತೆಗೆಯುವಷ್ಟರಲ್ಲಿ ನನ್ನ ಮಗಳು, "ಅಕ್ಕಾ, ಉಳ್ಳ ಇರುಕ್ಕುರ ಪೇಯೇ ಎಂಗ ತಾತ್ತಾದಾನ್" ಎಂದುಬಿಟ್ಟಳು. ಒಳಗಿರುವ ದೆವ್ವವೇ ನಮ್ಮ ತಾತ! ಆ ಹುಡುಗಿ ನಮ್ಮ ಮೂವರ ಮುಖವನ್ನೂ ನೋಡಿದಳು. ಏನಂದುಕೊಂಡಳೋ, ಸರಪಳಿ ಬಿಚ್ಚಿದಳು.

ಗಾಡಿಯಲ್ಲಿ ಅಮ್ಮ ಮಧ್ಯೆ, ಈ ಕಡೆ ನಾನು, ಆ ಕಡೆ ಮಗಳು. ಫೋನನ್ನು ಅಮ್ಮನ ಮಡಿಲ ಹತ್ತಿರ ಹಿಡಿದು ಮಗಳು ರೆಕಾರ್ಡಿಂಗ್ ಒತ್ತಿದಳು. ಹಿಂದಿನ ಗಾಡಿಯಲ್ಲಿ ಕಾಲೇಜು ಹುಡುಗರ ದಂಡು. ಬಾಗಿಲು ಮುಚ್ಚಿತು, ಕತ್ತಲಾಯಿತು, ಸಿನಿಮಾದ ಮ್ಯೂಸಿಕ್ಕು ಢಂ ಢಂ ಎಂದು ಶುರುವಾಯಿತು. ಮೊದಲ ತಿರುವಿನಲ್ಲಿ ಅಪ್ಪ ಇರಬೇಕಿತ್ತು, ಇರಲಿಲ್ಲ. ಅಸ್ಥಿಪಂಜರದ ಹತ್ತಿರ ಇರಬೇಕಿತ್ತು, ಅಲ್ಲೂ ಢಂ ಢಂ. ಒಳಗೆ ಕಟ್ಟಿದ್ದ ಸುಳ್ಳುಬಾವಿಯ ಹತ್ತಿರವೂ ಅದೇ. ಹುಡುಗರು ಹೆದರಿಕೆಯಿಲ್ಲದೆ ಸುಮ್ಮನೆ ಕಿರುಚುತ್ತಿದ್ದರು. ಎಲ್ಲ ಮುಗಿಯಿತು, ಬರಬಾರದಿತ್ತು, ಮನೆಯಲ್ಲಿದ್ದಿದ್ದರೆ ಇಲ್ಲೆಲ್ಲೋ ಇದ್ದಾರೆ ಎಂದಾದರೂ ಅಂದುಕೊಂಡಿರಬಹುದಿತ್ತು ಅನ್ನಿಸಿತು. ಆಚೆಯ ಬಾಗಿಲಿನ ಸಂದಿಯಿಂದ ಬೆಳಕಿನ ಗೆರೆಯೂ ಕಂಡಿತು.

ಕೊನೆಯ ತಿರುವಿನ ಸ್ಪೀಕರನ್ನು ಬದಲಾಯಿಸುವುದು ಅವರಿಗೆ ಮರೆತಿತ್ತೋ, ಹೇಗೂ ಒಡೆಯುವುದು ತಾನೇ ಎಂದು ಬಿಟ್ಟಿದ್ದರೋ. ತಲೆಯ ಮೇಲೆ ಗರಗರ ಎಂದಿತು, ಆಮೇಲೆ ಅಪ್ಪ ನಕ್ಕರು. ಸಣ್ಣದಾಗಿ ಶುರುಮಾಡಿ, ಏರಿಸಿ ಏರಿಸಿ, ಬಚ್ಚಲಿನ ಗೋಡೆ ನಡುಗಿಸುತ್ತಿದ್ದ ಅದೇ ನಗು. ಟೇಪು ಸವೆದಿತ್ತು, ದನಿ ಒಡೆದಿತ್ತು, ಆದರೂ ಅವರೇ. ನಗುವಿನ ಕೊನೆಯಲ್ಲಿ, ಉಸಿರು ಸಾಲದೆ, ಎರಡು ಸಲ ಕೆಮ್ಮು. ಆ ಕೆಮ್ಮು ನನಗೆ ಮರೆತೇಹೋಗಿತ್ತು. ನಾನು ಕತ್ತಲಲ್ಲಿ ಗೊಳೋ ಎಂದು ಅತ್ತುಬಿಟ್ಟೆ. ಪಕ್ಕದಲ್ಲಿ ಅಮ್ಮ ಸ್ವಲ್ಪ ಮುಂದಕ್ಕೆ ಬಾಗಿದ್ದು ಗೊತ್ತಾಯಿತು. ಅಷ್ಟರಲ್ಲಿ ಬಾಗಿಲು ತೆರೆದು ಬಿಸಿಲು ಮುಖಕ್ಕೆ ಹೊಡೆಯಿತು.

ಇನ್ನೊಂದು ಸಲ ಹೋಗೋಣ ಎಂದರೆ ಸಾಲು ಪಾರ್ಕಿನ ಗೇಟಿನವರೆಗೆ ಬೆಳೆದಿತ್ತು, ಅಮ್ಮನ ಕಾಲು ಊದಿತ್ತು. ಹೊರಗೆ ಬಂದು ಹುಣಸೆಮರದ ಕೆಳಗೆ ಕೂತು ಪುಳಿಯೋಗರೆ ತಿಂದೆವು. ಹೇಗಿತ್ತಮ್ಮಾ ಎಂದು ಕೇಳಿದೆ. ಉಪ್ಪು ಒಂದು ಕಲ್ಲು ಕಡಿಮೆಯಾಯಿತು ಎಂದಳು. ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿಯ ಕಡೆ ತಿರುಗಿ ಕೂತಿದ್ದಳು.

ಮಾರನೆಯ ಬೆಳಿಗ್ಗೆ ಮಗಳು ಊಟದ ಮೇಜಿನ ಮೇಲೆ ಫೋನಿಟ್ಟು ರೆಕಾರ್ಡಿಂಗ್ ಹಾಕಿದಳು. ಮ್ಯೂಸಿಕ್ಕು, ಕಿರುಚಾಟ, ಮತ್ತೆ ಮ್ಯೂಸಿಕ್ಕು. ಅಪ್ಪ ನಕ್ಕ ಜಾಗ ಬಂದಾಗ ಹಿಂದಿನ ಹುಡುಗರ ಕೂಗಿನೊಳಗೆ ಏನೋ ಗೊರಗೊರ ಎಂದಂತಾಯಿತು, ಅಷ್ಟೇ. ಗೊತ್ತಿದ್ದವರಿಗೂ ಅದು ನಗು ಎಂದು ತಿಳಿಯುವಂತಿರಲಿಲ್ಲ. ಆ ಹೊತ್ತಿಗೆ ಪಾರ್ಕಿನಲ್ಲಿ ಬಂಗಲೆ ಒಡೆಯುವ ಕೆಲಸ ಶುರುವಾಗಿರಬೇಕು. ಮಗಳು ನಿಲ್ಲಿಸಲು ಕೈ ಚಾಚಿದಳು, ಆಗ ಆ ಗದ್ದಲದ ನಡುವೆ, ಕೆಮ್ಮು ಇರಬೇಕಿದ್ದ ಜಾಗದಲ್ಲಿ, ಫೋನಿಗೆ ತೀರಾ ಹತ್ತಿರದಿಂದ, ಅಮ್ಮನ ದನಿ ಕೇಳಿತು.

"ರೀ, ಸ್ವಲ್ಪ ನೀರು ಕುಡೀರಿ."

ಮಗಳು ಚಾಚಿದ ಕೈ ಹಿಂದಕ್ಕೆ ತೆಗೆದಳು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಇನ್ನೊಂದು ಸಲ ಹಾಕು ಎಂದಳು. ಹಾಕಿದೆವು. ಕಿವಿಗೊಟ್ಟು ಕೊನೆಯವರೆಗೂ ಕೇಳಿದಳು. ಆಮೇಲೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಂದಳು:

"ಅವ್ರಿಗೆ ಕೇಳಿಸ್ತೋ ಇಲ್ವೋ, ಆ ಗಲಾಟೇಲಿ."