ಸಾಬವ್ವನ ಪಕ್ಕದ ಜಾಗ

ಕಾಶಪ್ಪನಿಗೆ ಬೇಕಿದ್ದದ್ದು ಒಂದೇ: ಸತ್ತ ಮೇಲೆ ಹೆಂಡತಿ ಸಾಬವ್ವನ ಪಕ್ಕದಲ್ಲಿ ಮಣ್ಣಾಗುವುದು. ತೊಂಬತ್ತೈದರ ಬೇಸಿಗೆಯಲ್ಲಿ ಪುಣೆಯ ಹಳ್ಳವೊಂದರ ದಂಡೆಯಲ್ಲಿದ್ದ ಲಿಂಗಾಯತರ ರುದ್ರಭೂಮಿಯಲ್ಲಿ ಅವಳನ್ನು ಕೂರಿಸಿ, ವಿಭೂತಿ ತುಂಬಿ ಹೂಳಿದಾಗ, ಎಡಗಡೆ ತನಗೊಂದು ಜಾಗ ಬಿಡಿಸಿಕೊಂಡಿದ್ದ. ಕ್ಯಾಂಪ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು ಪ್ರತಿ ಸೋಮವಾರ ಸಮಾಧಿಗೆ ಬಿಲ್ವಪತ್ರಿ ಏರಿಸಿ, ಮಗಳು ಮಾಧುರಿಯ ಮೇಲಿನ ದೂರುಗಳನ್ನೆಲ್ಲ ಹೇಳಿಯೇ ಕೆಲಸಕ್ಕೆ ಹೋಗುತ್ತಿದ್ದ.

ಗ್ಯಾರೇಜುಗಳ ಎಣ್ಣೆ, ವಸತಿ ಸೊಸೈಟಿಗಳ ಮೋರಿ ಎಲ್ಲ ಆ ಹಳ್ಳಕ್ಕೇ ಬೀಳುತ್ತಿದ್ದವು. ಸಾಲದ್ದಕ್ಕೆ ಬಿಲ್ಡರನೊಬ್ಬ ಕಟ್ಟಡಕ್ಕೆಂದು ದಂಡೆಯ ಮೇಲೆ, ರುದ್ರಭೂಮಿಯ ಬೇಲಿಯವರೆಗೂ ಮಣ್ಣು ಸುರಿದ. ಆ ಮಳೆಗಾಲದಲ್ಲಿ ಕಪ್ಪು ನೀರು ಸಾಬವ್ವನ ಸಮಾಧಿಯನ್ನೇರಿತು. ಕಾಶಪ್ಪ ಚಪ್ಪಲಿ ಕಳಚಿ ಇಳಿದು ಅಂಗೈಯಿಂದ ಕೆಸರು ಬಳಿದ. ದಂಡೆಯನ್ನು ಖಾಲಿ ಬಿಡಬೇಕೆಂಬ ನಿಯಮ ತರಿಸಲು ಮರುದಿನದಿಂದಲೇ ಕಚೇರಿಗಳಿಗೆ ಅಲೆಯತೊಡಗಿದ.

“ಏನ್ ಕಾಶಪ್ಪಾ,” ಎಂದು ಸಮಾಜದ ಹಿರಿಯ ಅಪ್ಪಾಸಾಹೇಬ ನಾಲ್ಕು ಜನರೆದುರು ಕೆಣಕಿದ. “ಆಕಿ ಜೀವಂತ ಇದ್ದಾಗ ನಳಕ್ಕ ನೀರ ಬರಂಗಿಲ್ಲಂತ ಅಳ್ತಿದ್ಲು, ಹೊಳ್ಳಿ ನೋಡ್ಲಿಲ್ಲ. ಈಗ ಹಳ್ಳಾನ ತೊಳ್ಯಾಕ ಹೊಂಟೀ?”

“ಆವಾಗ ಪುರಸೊತ್ತಿರಲಿಲ್ರಿ. ಈಗ ಆಕಿಗೂ ಭಾಳ ಪುರಸೊತ್ತದ, ನನಗೂ ಅದ.”

ಶಿವಾಜಿನಗರದ ಪಾಲಿಕೆ ಕಚೇರಿಯಲ್ಲಿ ಅಹವಾಲು ಕೇಳುವ ಸಭೆ ನಡೆದಾಗ ಕಾಶಪ್ಪ ಎದ್ದು ನಿಂತು, ದಂಡೆಯ ಮಣ್ಣಿಗೆ ಸೇರಿದ ಹೊಲಸೆಲ್ಲ ನೀರಿಗೆ ಸೇರುತ್ತದೆ, ಆ ಮಣ್ಣಿಗೆ ಏನನ್ನೂ ಹಾಕಗೊಡಬೇಡಿ ಎಂದು ಮರಾಠಿಯಲ್ಲಿ ಹೇಳಿದ. ಏನನ್ನೂ ಹಾಕಬಾರದೇ ಎಂದು ಅಧಿಕಾರಿ ಕೇಳಿದ. ಏನನ್ನೂ ಹಾಕಬಾರದು ಎಂದ ಕಾಶಪ್ಪ. ಹೆಣ ಹೂಳುವ ವಿಚಾರ ಅವನ ಮನಸ್ಸಿನಲ್ಲಿ ಸುಳಿಯಲೇ ಇಲ್ಲ. ಲಿಂಗದಲ್ಲಿ ಐಕ್ಯಳಾದ ಸಾಬವ್ವ ಹೊಲಸು ಹೇಗಾದಾಳು?

ನಿಯಮ ಬಂತು. ದಂಡೆಯ ಮೇಲೆ ಕಟ್ಟಡ ಬಂದ್ ಎಂದು ಕೇಳಿದ್ದೇ ತಡ, ಕಾಶಪ್ಪ ಪೇಢೆ ಹಂಚಿದ. ವಾರದೊಳಗೆ ರುದ್ರಭೂಮಿಯ ಗೇಟಿಗೆ ಬೀಗ ಬಿದ್ದು ಫಲಕ ಬಂತು: ದಂಡೆಯಲ್ಲಿ ಕಟ್ಟಡ, ಕಸ, ಹೊಸ ಹೂಳುವಿಕೆ ನಿಷಿದ್ಧ.

ಬಿಲ್ಡರ್ ತನ್ನ ಜಾಗದ ಉದ್ದಕ್ಕೂ ಹಳ್ಳವನ್ನು ಪೈಪಿನೊಳಗೆ ತುರುಕಿ ಮೇಲೆ ಮಣ್ಣೆಳೆಸಿದ. ಹಳ್ಳವೇ ಕಾಣದ ಕಡೆ ದಂಡೆ ಎಲ್ಲಿಯದು? ಅವನ ಕಟ್ಟಡ ಎದ್ದಿತು, ಅದರ ಮೋರಿಯೂ ಅದೇ ಪೈಪಿಗೆ ಸೇರಿತು.

ಕಾಶಪ್ಪ ಶಿವಾಜಿನಗರದ ಕಚೇರಿಗೆ ಓಡಿಹೋಗಿ, ಸಾಬವ್ವನ ಪಕ್ಕ ತನ್ನದೊಂದು ಹೆಣಕ್ಕೆ ಅವಕಾಶ ಕೊಡಿ ಎಂದು ಕೈಮುಗಿದ. ಅಧಿಕಾರಿಗೆ ಅವನ ಗುರುತು ಸಿಕ್ಕಿತು. “ಕಾಕಾ, ನೀವೇ ಕೇಳಿದ್ದಲ್ಲವೇ?” ಎಂದು ಮರಾಠಿಯಲ್ಲಿ ನಕ್ಕು, ಚಹಾ ತರಿಸಿದ. ಕಾಶಪ್ಪ ಚಹಾ ಕುಡಿದು ಬಂದ.

ಅಪ್ಪಾಸಾಹೇಬ ಕೂಗಾಡಲೂ ಇಲ್ಲ. “ನಿನ್ನ ಪೇಢೇ ತಿಂದ್ವಲ್ಲೋ, ಹೆಣಾ ಇಡಾಕ ಜಾಗಾ ಇಲ್ಲದ ಮಕ್ಳು,” ಎಂದವನು ಮತ್ತೆ ಮಾತಾಡಿಸಲಿಲ್ಲ. ಸಮಾಜದ ಮದುವೆಗಳಲ್ಲಿ ಕಾಶಪ್ಪನ ಪಂಕ್ತಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಸೋಮವಾರ ಬಿಲ್ವಪತ್ರಿಯನ್ನು ಬೇಲಿ ತಂತಿಯ ಸಂದಿಯಿಂದ ಒಳಗೆ ಎಸೆಯುತ್ತಿದ್ದ. ಅದು ಸಾಬವ್ವನವರೆಗೆ ಹೋಗುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರ ಶ್ರಾವಣದಲ್ಲಿ ಕಾಶಪ್ಪ ಸತ್ತ. ಸಮಾಜಕ್ಕೆ ಸಿಕ್ಕ ಹೊಸ ರುದ್ರಭೂಮಿ ದೌಂಡ್ ಊರಿಗೆ ಹೋಗುವ ದಾರಿಯಲ್ಲಿ, ಪುಣೆಯಾಚೆ. ಸಮಾಜದಿಂದ ಹೆಗಲು ಕೊಡಲು ಬಂದವರು ಕಡಿಮೆ. ಹೆಣವನ್ನು ಕುರ್ಚಿಗೆ ಕೂರಿಸಿ ಕಟ್ಟಿ ಟೆಂಪೋ ಹತ್ತಿಸಿದರು. ಕತ್ತು ವಾಲದಂತೆ ಮಾಧುರಿ ಹಿಡಿದುಕೊಂಡಳು. ಹಳ್ಳದ ಹತ್ತಿರ ಬಂದಾಗ, “ಅವ್ವನ್ನ ಒಂದ್ ಗಳಿಗಿ ನೋಡ್ಲಿ, ನಿಲ್ಸ್ರಿ,” ಎಂದಳು. ಟೆಂಪೋ ನಿಂತದ್ದು ಬಿಲ್ಡರನ ಹೊಸ ಕಟ್ಟಡದ ಗೇಟಿನ ಮುಂದೆ. ಹಿಂದೆ ಕಾರೊಂದು ಹಾರ್ನ್ ಹೊಡೆಯಿತು.

“ಗಾಡಿ ಪುಢೆ ಘ್ಯಾ!” ಎಂದು ಗೇಟಿನ ಕಾವಲುಗಾರ ಮರಾಠಿಯಲ್ಲಿ ಗದರಿ ಕೋಲಿನಿಂದ ಟೆಂಪೋದ ಬದಿಗೆ ಬಡಿದ.

ಗಾಡಿ ಮುಂದೆ ತೆಗೆದುಕೊಂಡರು.