ನಿಂತಲ್ಲೇ ಇಳಿಯುವ ಬ್ಯಾಟರಿ

ನನ್ನ ಗಂಡ ಗಲ್ಫಿನಲ್ಲಿದ್ದಾರೆ. ವರ್ಷಕ್ಕೊಮ್ಮೆ, ಕ್ರಿಸ್ಮಸ್ಸಿಗೆ ಬರುತ್ತಾರೆ. ಉಳಿದ ದಿನಗಳಲ್ಲಿ ನಮ್ಮ ಸಂಸಾರವೆಂದರೆ ರಾತ್ರಿ ಊಟದ ನಂತರದ ಫೋನು. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಜೆಪ್ಪುವಿನ ನಮ್ಮ ಕಟ್ಟಡದಲ್ಲಿ ಮಹಡಿಗೊಬ್ಬಳು ಇಂಥ ಹೆಂಡತಿ ಸಿಗುತ್ತಾಳೆ. ಆದರೆ ಕಳೆದ ಕ್ರಿಸ್ಮಸ್ಸಿಗೆ ಬಂದು ಹೋದ ಮೇಲೆ ಅವರು ಅಲ್ಲಿಂದಲೇ ನನ್ನ ದಿನವನ್ನು ಊಹಿಸತೊಡಗಿದ್ದರು. "ಇವತ್ತು ಅಕ್ಕನ ಮನೆಗೆ ಹೋಗಿದ್ದೆ ಅಲ್ವಾ?" ಎಂದು ಕೇಳುವರು. ನಾನು ಹೋಗಿರುತ್ತಿದ್ದೆ. ಹೇಗೆ ಗೊತ್ತಾಯ್ತು ಎಂದರೆ, "ಹಾಗೇ, ಮನಸ್ಸಿಗೆ ಬಂತು" ಎನ್ನುವರು.

ಮಕ್ಕಳು ಹಾಸ್ಟೆಲ್ ಸೇರುವಷ್ಟು ವರ್ಷ ಕಳೆದ ಮೇಲೂ ಗಂಡನ ಮನಸ್ಸಿಗೆ ನಾನು ಬರುತ್ತೇನೆ ಎನ್ನುವುದು ಸಣ್ಣ ವಿಷಯವಲ್ಲ. ನನಗೆ ಅದೊಂದು ದೊಡ್ಡ ಹೆಮ್ಮೆಯಾಗಿಬಿಟ್ಟಿತ್ತು. ಸಿಕ್ಕವರಿಗೆಲ್ಲ ಹೇಳಿಕೊಂಡೆ. ಕೂಳೂರಿನಲ್ಲಿರುವ ಅಕ್ಕನಿಗೂ ಹೇಳಿದೆ. "ನಿನ್ನ ಗಂಡನಿಗೆ ಎಂತ ದಿವ್ಯದೃಷ್ಟಿ ಉಂಟಾ ಮಾರಾಯ್ತಿ? ನನ್ನವರಿಗೆ ಪಕ್ಕದ ಕೋಣೆಯಲ್ಲಿದ್ರೂ ನಾನು ಮನೆಯಲ್ಲಿದ್ದೇನಾ ಇಲ್ವಾ ಗೊತ್ತಿರುದಿಲ್ಲ" ಎಂದಳು. ಅವಳಿಗೆ ಸ್ವಲ್ಪ ಹೊಟ್ಟೆಕಿಚ್ಚಾಗಲಿ ಎಂದೇ ಹೇಳಿದ್ದು. ಆಯಿತು. ನನಗೆ ಖುಷಿಯೂ ಆಯಿತು.

ನಾನು ಕಲಿಸುವ ಶಾಲೆಗೆ ಬೇಸಿಗೆ ರಜೆ ಬಂದಾಗ ಕಾರು ಕೈಕೊಟ್ಟಿತು. ದಿನಾ ಓಡಿಸುವಾಗ ಏನೂ ತಕರಾರಿಲ್ಲ. ಎರಡು ದಿನ ಕಟ್ಟಡದ ನೆಲಮಾಳಿಗೆಯಲ್ಲಿ ನಿಂತಿತೆಂದರೆ, ಕೀ ತಿರುಗಿಸಿದಾಗ ಟಕ್ ಟಕ್ ಎಂದು ಸುಮ್ಮನಾಗುತ್ತಿತ್ತು. ಬ್ಯಾಟರಿ ಹಳತಾಗಿದೆ ಎಂದು ಹೊಸದು ಹಾಕಿಸಿದೆ. ಹೊಸದೂ ಅದೇ ರಾಗ ಎಳೆಯಿತು. ಒಳಗಿನ ಲೈಟು ಆರಿಸಲು ಮರೆತಿರಬೇಕು ಟೀಚರ್ ಎಂದು ವಾಚ್‌ಮ್ಯಾನಿನಿಂದ ಹಿಡಿದು ಮೂರನೇ ಮಹಡಿಯ ಅಜ್ಜನವರೆಗೆ ಎಲ್ಲರೂ ಬುದ್ಧಿ ಹೇಳಿದರು. ಕೆಟ್ಟ ಕಾರಿನ ಪಕ್ಕ ಒಬ್ಬಳು ಹೆಂಗಸು ನಿಂತಿದ್ದರೆ ಊರಿಗೆಲ್ಲ ಮೇಷ್ಟರಾಗುವ ಆಸೆ. ರಾತ್ರಿ ಗಂಡನಿಗೂ ಹೇಳಿದೆ. "ದಿನಾ ಒಂದು ಸುತ್ತು ಓಡಿಸು, ಸರಿಯಾಗ್ತದೆ. ಗ್ಯಾರೇಜಿಗೆಲ್ಲ ಕೊಡ್ಬೇಡ, ಸುಮ್ನೆ ಬಿಚ್ಚಿ ಹಾಳು ಮಾಡ್ತಾರೆ" ಎಂದರು.

ಹೇಳಿದ್ದನ್ನು ಕೇಳುವ ಜಾತಿ ನಾನಲ್ಲ. ಒಂದು ಬೆಳಿಗ್ಗೆ ಪಕ್ಕದವರ ಕಾರಿನಿಂದ ಕೇಬಲ್ ಕೊಡಿಸಿ ಸ್ಟಾರ್ಟ್ ಮಾಡಿ, ಎಲ್ಲೂ ಆಫ್ ಮಾಡದೆ ಸೇತುವೆ ದಾಟಿ, ತೊಕ್ಕೊಟ್ಟಿನ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನ ಎಲೆಕ್ಟ್ರಿಷಿಯನ್ ಹೆಚ್ಚುಕಡಿಮೆ ನನ್ನ ವಯಸ್ಸಿನವ, ಮಾತು ಜಾಸ್ತಿ. ನನ್ನ ಕೆಲಸ ಏನು, ಕಾರು ನಿಲ್ಲಿಸುವುದೆಲ್ಲಿ ಎಂದೆಲ್ಲ ಮೊದಲೇ ಕೇಳಿಕೊಂಡ. ಕೀ ತೆಗೆಸಿ, ಬಾಗಿಲು ಹಾಕಿಸಿ, ಬ್ಯಾಟರಿಯ ಮೈನಸ್ ವಯರು ಬಿಚ್ಚಿ ನಡುವೆ ಮೀಟರು ಸೇರಿಸಿದ.

"ನೋಡಿ ಟೀಚರ್, ಗಾಡಿ ಮಲಗಿದ್ರೂ ಕರೆಂಟ್ ಹೋಗ್ತಾ ಉಂಟು."

ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುವುದು, ಮೀಟರು ನೋಡುವುದು, ಮತ್ತೆ ಸಿಕ್ಕಿಸುವುದು. ಯಾವ ಫ್ಯೂಸು ತೆಗೆದಾಗ ಅಂಕಿ ಇಳಿಯುತ್ತದೋ ಆ ದಾರಿಯಲ್ಲಿ ಕಳ್ಳನಿದ್ದಾನೆ ಎಂದು ಅರ್ಥವಂತೆ. ಅಂಕಿ ಇಳಿಯಲೇ ಇಲ್ಲ.

"ಹಾಗಾದ್ರೆ ಎಂತದೋ ಡೈರೆಕ್ಟ್ ಬ್ಯಾಟರಿಗೇ ಕೊಟ್ಟಿದ್ದಾರೆ. ಹೊಸತಾಗಿ ಎಂತ ಹಾಕಿಸಿದ್ದೀರಿ?"

"ಎಂತದ್ದೂ ಇಲ್ಲ. ಕ್ರಿಸ್ಮಸ್ಸಿಗೆ ಬಂದಾಗ ಇವರು ಸೀಟ್ ಕವರ್ ಹಾಕಿಸಿಕೊಂಡು ಬಂದಿದ್ರು."

"ಸೀಟ್ ಕವರ್ ಕರೆಂಟ್ ತಿನ್ನುದಿಲ್ಲ" ಎಂದು ನಕ್ಕ.

ಬ್ಯಾಟರಿಯಿಂದ ಹೊರಟ ತೆಳ್ಳನೆಯ ವಯರೊಂದರ ಜಾಡು ಹಿಡಿದು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದ. ಬೆಂಕಿಪೊಟ್ಟಣದಷ್ಟು ದೊಡ್ಡ, ಟೇಪು ಸುತ್ತಿದ ಕಪ್ಪು ಪೆಟ್ಟಿಗೆಯೊಂದನ್ನು ಈಚೆ ಎಳೆದ. ಅದರಲ್ಲಿ ಕೆಂಪು ದೀಪ ಮಿಣುಕುತ್ತಿತ್ತು.

"ಓ, ಟ್ರ್ಯಾಕರ್. ಗಾಡಿ ಎಲ್ಲೆಲ್ಲಿ ಹೋಯ್ತು ಅಂತ ಫೋನಲ್ಲಿ ನೋಡ್ಲಿಕ್ಕೆ. ನಿಮ್ಮ ಪಾರ್ಕಿಂಗ್ ನೆಲದ ಅಡಿಯಲ್ಲಿ ಅಲ್ವಾ? ಅಲ್ಲಿ ನೆಟ್‌ವರ್ಕ್ ಸಿಗುದಿಲ್ಲ. ಸಿಗದಿದ್ರೆ ಇದು ನಿದ್ದೆಯೇ ಮಾಡುದಿಲ್ಲ, ಹುಡುಕ್ತಾ ಇರ್ತದೆ. ಬ್ಯಾಟರಿ ಖಾಲಿ ಆಗದೆ ಎಂತ ಮಾಡ್ತದೆ?"

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುತ್ತದಲ್ಲ, ಹಾಗೆ ಇದ್ದೆ. ಮುಚ್ಚಿಡುವಂಥ ಜಾಗ ನನಗೆ ಯಾವುದೂ ಇಲ್ಲ: ಶಾಲೆ, ಇಗರ್ಜಿ, ಮೀನು ಮಾರ್ಕೆಟ್ಟು, ಅಕ್ಕನ ಮನೆ. ಕೇಳಿದ್ದರೆ ಹೇಳುತ್ತಿದ್ದೆ. ಕದ್ದು ನೋಡಿದ್ದನ್ನು ಅವರು "ಮನಸ್ಸಿಗೆ ಬಂತು" ಎಂದು ನನ್ನ ಕೈಗೆ ಕೊಟ್ಟಿದ್ದರು, ನಾನು ಅದನ್ನು ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಯ ಹಾಗೆ ಮನೆಮನೆಗೆ ಹಂಚಿಕೊಂಡು ಬಂದಿದ್ದೆ. ಗ್ಯಾರೇಜಿನ ಸ್ಟೂಲಿನಲ್ಲಿ ಕೂತು, ಹೋಗುವ ಬರುವ ಬಸ್ಸುಗಳ ಬೋರ್ಡು ಓದಿದೆ. ಅಳುವೂ ಬರಲಿಲ್ಲ.

"ಎಂತ ಮಾಡ್ಲಿ ಟೀಚರ್? ಒಂದು ಸ್ವಿಚ್ಚು ಹಾಕಿ ಇಡ್ಲಾ, ತೆಗೀಲಾ?"

"ತೆಗೀರಿ."

ಅವನು ವಯರು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಪೆಟ್ಟಿಗೆಯನ್ನು ನನ್ನ ಅಂಗೈಯಲ್ಲಿಟ್ಟ. ಮೀಟರಿನ ಅಂಕಿ ಇಳಿದು ಇಲ್ಲವೆನ್ನುವಷ್ಟಾಯಿತು. "ಒಳಗೆ ಸಣ್ಣ ಬ್ಯಾಟರಿ ಉಂಟು, ಸ್ವಲ್ಪ ಹೊತ್ತು ಉರೀತದೆ" ಎಂದ. "ಕಳ್ಳರು ತೆಗೆದ್ರೆ ಗೊತ್ತಾಗ್ಲಿಕ್ಕೆ, ವಯರು ಕತ್ತರಿಸಿದ ಕೂಡ್ಲೇ ಓನರಿನ ಫೋನಿಗೆ ಮೆಸೇಜ್ ಹೋಗ್ತದೆ. ನಿಮಗೆ ಬಂದಿರ್ಬೇಕು, ನೋಡಿ."

ನೋಡಿದೆ. ನನಗೆ ಯಾವ ಮೆಸೇಜೂ ಬಂದಿರಲಿಲ್ಲ. ಕೈಯಲ್ಲಿರುವಾಗಲೇ ಫೋನು ರಿಂಗಾಯಿತು. ಡ್ಯೂಟಿಯ ಹೊತ್ತಿನಲ್ಲಿ ಎಂದೂ ಫೋನು ಮಾಡದ ಗಂಡ. ಕುಂಬಳಕಾಯಿ ಕಳ್ಳ ಎಂದು ಇಲ್ಲಿ ಯಾರೂ ಅಂದಿರಲಿಲ್ಲ. ಅಲ್ಲಿ ಹೆಗಲು ಮುಟ್ಟಿ ನೋಡಿಕೊಂಡಾಗಿತ್ತು.

"ಕಾರು ಸರಿ ಉಂಟಲ್ವಾ?" ಎಂದರು.

"ಯಾಕೆ?"

"ಎಂತ ಇಲ್ಲ. ಹಾಗೇ, ಮನಸ್ಸಿಗೆ ಬಂತು."

ದನಿ ಎಂದಿನ ಹಾಗೆಯೇ ಇತ್ತು, ಅಷ್ಟೇ ಪ್ರೀತಿ. ನನ್ನದೂ ಎಂದಿನ ಹಾಗೆಯೇ ಇತ್ತು.

"ಹೌದಾ? ಹಾಗಾದ್ರೆ ಈಗ ನನ್ನ ಕೈಯಲ್ಲಿ ಎಂತ ಉಂಟು, ಹೇಳಿ ನೋಡುವ."

ಆ ಕಡೆಯಿಂದ ಯಾವುದೋ ಯಂತ್ರದ ಸದ್ದು ಮಾತ್ರ ಬರುತ್ತಿತ್ತು. ಎಲೆಕ್ಟ್ರಿಷಿಯನ್ ಬ್ಯಾಟರಿಯ ವಯರು ಮತ್ತೆ ಸೇರಿಸಿ, ಬಾನೆಟ್ ಮುಚ್ಚಿ, ಸ್ಟಾರ್ಟ್ ಮಾಡಿ ನೋಡಿ ಎಂದು ಸನ್ನೆ ಮಾಡಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.