ಡೇರಿ ಮುಂದಿನ ಸಮುದ್ರ

ನಾನು ಇವತ್ತಿಗೂ ಸಮುದ್ರ ನೋಡಿಲ್ಲ. ಆದರೂ ಹೋದ ಸಂಕ್ರಾಂತಿ ಕಳೆದ ಮೇಲೆ ನಮ್ಮೂರಿನ ಹಾಲಿನ ಡೇರಿ ಮುಂದೆ ನಿಂತು ಮಂಗಳೂರು, ಮಲ್ಪೆ, ಕಾರವಾರ, ಗೋವಾದ ಸಮುದ್ರವನ್ನೆಲ್ಲ ಎರಡು ಹೊತ್ತೂ ಬಣ್ಣಿಸಿದವನು ನಾನೇ. ಬಣ್ಣಿಸಬೇಕಾಗಿದ್ದವಳು ನಮ್ಮವ್ವ, ಯಾಕೆಂದರೆ ನೋಡಿದವಳು ಅವಳು. ಅವಳು ಊರಿಗೆ ವಾಪಸ್ಸು ಬರುವುದರೊಳಗೆ ಅವಳ ಪ್ರವಾಸವನ್ನು ನಾನು ಹಂಚಿ ಖಾಲಿ ಮಾಡಿಬಿಟ್ಟಿದ್ದೆ. ಅಷ್ಟೂ ದಿನ ನನ್ನನ್ನು ನಾನು ದೊಡ್ಡ ತ್ಯಾಗಮೂರ್ತಿ ಅಂದುಕೊಂಡಿದ್ದೆ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರು ಹೇಳುವುದಕ್ಕಿಂತ ಅದು ವಾಸಿ.

ನಮ್ಮದು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಊರು. ಹೊಗೆಸೊಪ್ಪು ಬೆಳೆಯುತ್ತೇವೆ, ಎರಡು ಹಸು ಕಟ್ಟಿದ್ದೇವೆ. ಹಸು ಇರುವ ಮನೆಗೆ ಬೀಗ ಹಾಕಿಕೊಂಡು ಎಲ್ಲರೂ ಒಟ್ಟಿಗೆ ಹೊರಡುವ ಹಾಗಿಲ್ಲ. ಒಬ್ಬರು ಉಳಿಯಲೇಬೇಕು. ನಮ್ಮ ಮನೆಯಲ್ಲಿ ಆ ಒಬ್ಬರು ಯಾವಾಗಲೂ ಅವ್ವ. ನೆಂಟರ ಮದುವೆಗೆ ಹೋದರೂ ಧಾರೆ ಮುಗಿದು ಊಟವಾದ ತಕ್ಷಣ ಬಸ್ಸು ಹತ್ತಿ, ಸಾಯಂಕಾಲದ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಇಳಿಯುತ್ತಿದ್ದಳು. ತಿರುಪತಿಗೆ, ಧರ್ಮಸ್ಥಳಕ್ಕೆ ಹೋಗಿ ಬಂದ ಹೆಂಗಸರು ಡೇರಿಯ ಸಾಲಿನಲ್ಲಿ ಕ್ಯಾನು ಇಟ್ಟುಕೊಂಡು ಅಲ್ಲಿಯದನ್ನೆಲ್ಲ ಹೇಳುವಾಗ ಅವ್ವ ಕೇಳುವವರ ಕಡೆ ನಿಂತಿರುತ್ತಿದ್ದಳು. ಚೆನ್ನಾಗಿ ಕೇಳುತ್ತಿದ್ದಳು. ಅವಳಿಗೆ ಹೇಳಲಿಕ್ಕೂ ಆಸೆ ಇರಬಹುದು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ.

ಕೆ.ಆರ್. ನಗರದಲ್ಲಿರುವ ಅಕ್ಕ, ಭಾವ ಈ ಸಲ ಟೆಂಪೋ ಟ್ರಾವೆಲರ್ ಮಾಡಿಸಿದರು. ಜೊತೆಗೆ ಮಂಗಳೂರು ಕಡೆಯ ಒಬ್ಬ ಗೈಡನ್ನೂ ಗೊತ್ತುಮಾಡಿದರು. ಕರಾವಳಿಯ ಊರುಗಳನ್ನು ಹಿಡಿದು ಗೋವಾದವರೆಗೆ ಹೋಗುವುದು, ಅಲ್ಲಿಂದ ಬೆಳಗಾವಿ ಮೇಲೆ ವಿಜಯಪುರದ ಕಡೆ ತಿರುಗಿ ದ್ರಾಕ್ಷಿ ತೋಟ, ವೈನ್ ಮಾಡುವ ಜಾಗ ನೋಡಿಕೊಂಡು ಬರುವುದು. ಸೊಪ್ಪು ಮಾರಾಟವಾಗಿತ್ತು, ಅದನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಬ್ಯಾರನ್ ತಣ್ಣಗಿತ್ತು. ಅಪ್ಪ ಕೇಳಿದ ತಕ್ಷಣ ಒಪ್ಪಿಕೊಂಡ.

"ಹಸ ನೋಡ್ಕಳಕ್ಕೆ ನಿಮ್ಮವ್ವ ಅವ್ಳಲ್ಲ" ಅಂದ.

ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಆದರೆ ಕೈ ನಿಂತಿತು.

"ನಾನಿರ್ತೀನಿ. ಅವ್ವ ಓಗ್ಲಿ" ಅಂದೆ.

"ನೀನಾ? ನೀನು ಹಸಿನಂಗೆ ಅಂಬಾ ಅನ್ನಕ್ಕೆ ಲಾಯಕ್ಕು ಕಣ್ಲಾ, ಹಾಲು ಕರಿಯಕ್ಕಲ್ಲ."

ಅಪ್ಪನ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಯಾರ ದನಿಯನ್ನಾದರೂ ಎತ್ತಿಕೊಂಡು ಬಂದು ನಾಲ್ಕು ಜನರನ್ನು ನಗಿಸುವುದೊಂದೇ ನಾನು ಮನಸ್ಸಿಟ್ಟು ಕಲಿತ ವಿದ್ಯೆ. ಆದರೂ ಹಟ ಮಾಡಿದೆ. ಹೊರಡುವ ದಿನ ಗಾಡಿ ಹತ್ತುವ ಮುಂಚೆ ಅವ್ವ ನನ್ನನ್ನು ಪಕ್ಕಕ್ಕೆ ಕರೆದು ಹಿಂಡಿ, ಬೂಸಾ, ಕರು ಎಲ್ಲದರ ವಿಷಯ ಹೇಳಿ ಮುಗಿಸಿದಳು. ಕೊನೆಗೆ ಸಣ್ಣ ದನಿಯಲ್ಲಿ, "ಈ ಸಾರಿ ಡೇರಿ ತಾವ ನನ್ನ ಬಾಯ್ಗೂ ಕೆಲ್ಸ ಸಿಕ್ತು ಬುಡು" ಅಂದಳು. ತಮಾಷೆಗೆ ಅಂದಳು ಅಂದುಕೊಂಡೆ.

ಮಾರನೆಯ ಬೆಳಗ್ಗೆ ಕರಿಹಸು ನನ್ನನ್ನು ಹತ್ತಿರ ಸೇರಿಸಲಿಲ್ಲ. ಪಾತ್ರೆ ಒದ್ದಿತು, ಆಮೇಲೆ ನನ್ನನ್ನೂ ಒದ್ದಿತು. ಬೇರೆ ದಾರಿ ಕಾಣದೆ ಅವ್ವನ ಹಳೇ ಸೀರೆ ಸುತ್ತಿಕೊಂಡು, ಅವಳದೇ ದನಿಯಲ್ಲಿ, "ನಿಂತ್ಕ ಕಣವ್ವ, ನನ್ನ ಬಂಗಾರೀ, ಯಾಕಿಂಗಾಡ್ತೀಯೇ" ಅಂದೆ. ಹಸು ಕಿವಿ ಆಡಿಸಿ ಸುಮ್ಮನೆ ನಿಂತಿತು. ನನ್ನ ಕಲೆಗೆ ಸಿಕ್ಕ ಮೊದಲ ನಿಜವಾದ ಮನ್ನಣೆ ಅದು. ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆ ಚಿಕ್ಕವ್ವ, "ಅಯ್ಯೋ, ನೀನು ಓಗ್ನೇ ಇಲ್ವೇನಕ್ಕಾ?" ಅಂತ ಓಡಿ ಬಂದವಳು, ಮೀಸೆಯ ಮೇಲೆ ಸೆರಗು ಹೊದ್ದು ಕೂತಿದ್ದ ನನ್ನನ್ನು ನೋಡಿ ಗೊಂತಿಗೆ ಒರಗಿಕೊಂಡು ನಕ್ಕಳು. ನಾನು ಕ್ಯಾನು ಹಿಡಿದು ಡೇರಿ ಮುಟ್ಟುವ ಹೊತ್ತಿಗೆ ಸುದ್ದಿ ನನಗಿಂತ ಮುಂಚೆ ತಲುಪಿತ್ತು.

"ಮಾಡ್ಲಾ, ನಿಮ್ಮವ್ವನಂಗೆ ಮಾಡ್ಲಾ!" ಅಂದರು ಸಾಲಿನಲ್ಲಿದ್ದವರು.

ಮಾಡಿದೆ. ಅಲ್ಲಿಂದ ಶುರುವಾಯಿತು.

ಅವ್ವ ದಿನಾ ಸಾಯಂಕಾಲ ಹಾಲು ಕರೆಯುವ ಹೊತ್ತಿಗೆ ಫೋನು ಮಾಡುತ್ತಿದ್ದಳು. ಮೊದಲು ಹಸುವಿನ ಯೋಗಕ್ಷೇಮ, ಆಮೇಲೆ ನನ್ನದು, ಆಮೇಲೆ ಆವತ್ತು ನೋಡಿದ್ದು. ನಾನು ಫೋನು ಇಟ್ಟು, ಹಾಲು ಕರೆದು, ಬಿಸಿ ಬಿಸಿಯಾಗಿ ಅದನ್ನೂ ಹಾಲನ್ನೂ ಡೇರಿಗೆ ಸುರಿಯುತ್ತಿದ್ದೆ. ಮಂಗಳೂರಿನ ಅಲೆ ಅವ್ವನ ಒಂದು ಚಪ್ಪಲಿ ಎಳೆದುಕೊಂಡು ಹೋಗಿತ್ತಂತೆ. "ಕೇಳಿದ್ರೆ ನಾನೇ ಕೊಡ್ತಿದ್ನಲ್ಲ" ಅಂದಿದ್ದಳು ಅವ್ವ, ಸಮುದ್ರಕ್ಕೆ. ಮಲ್ಪೆಯಲ್ಲಿ ಅಪ್ಪ ಪಂಚೆ ಎತ್ತಿಕೊಂಡು ನೀರಿನಲ್ಲಿ ನಿಂತು, "ಈ ನೀರು ಯಾವ ನಾಲೆಗೋಯ್ತದೆ?" ಅಂತ ಗೈಡನ್ನು ಕೇಳಿದನಂತೆ.

"ಇದು ನಾಲೆಗೆ ಬಿಡುವ ನೀರಲ್ಲ ಮಾರಾಯ್ರೆ, ಬರೀ ಉಪ್ಪು!"

"ಇಷ್ಟ್ ನೀರಿಕ್ಕಂಡು ಒಂದೆಕ್ರೆ ಗದ್ದೆ ಮಾಡಕ್ಕಾಗ್ನಿಲ್ಲ ಅನ್ನಪ್ಪ."

ಅಪ್ಪ, ಅವ್ವ, ಗೈಡು ಮೂವರನ್ನೂ ನಾನೊಬ್ಬನೇ ಮಾಡುತ್ತಿದ್ದೆ. ಹಾಲು ಹಾಕಿದವರು ಮನೆಗೆ ಹೋಗುತ್ತಿರಲಿಲ್ಲ. ಗೋವಾದಲ್ಲಿ ಸೂರ್ಯ ಮುಳುಗುವಾಗ ಅವ್ವ ಫೋನು ಮಾಡಿದವಳು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳು. "ಅವ್ವ, ಕಟ್ಟಾಯ್ತಾ?" ಅಂದೆ. "ಇಲ್ಲ ಕಣ್ಲಾ. ನೋಡ್ತಾ ಇವ್ನಿ" ಅಂದಳು. ಆ ಮೌನವನ್ನೂ ನಾನು ಬಿಡಲಿಲ್ಲ. ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು, ಬಾಯಿ ತೆರೆದುಕೊಂಡು, ಅಲ್ಲಾಡದೆ ನಿಂತು ತೋರಿಸಿದೆ. ಆ ವಾರದಲ್ಲಿ ಜನ ಅತಿ ಹೆಚ್ಚು ನಕ್ಕಿದ್ದು ಅದಕ್ಕೇ. ಈಗ ನೆನೆದರೆ ನಗು ಬರುವುದಿಲ್ಲ. ಹೊಲದಿಂದ ಹಟ್ಟಿಗೆ, ಹಟ್ಟಿಯಿಂದ ಡೇರಿಗೆ ಓಡಾಡಿಕೊಂಡಿದ್ದ ಹೆಂಗಸು ಯಾವ ಕೆಲಸವನ್ನೂ ನೆನೆಯದೆ ನಿಂತು ನೋಡಿದ ಹೊತ್ತು ಅದು. ಅದರಲ್ಲಿ ನಾನು ಕಂಡಿದ್ದು ತೆರೆದ ಬಾಯಿ ಮಾತ್ರ.

ವಿಜಯಪುರದ ಕಡೆಯಿಂದ ಬಂದ ಫೋನಿನಲ್ಲಿ ಅವ್ವ ಹೆಚ್ಚು ಹೊತ್ತು ಮಾತಾಡಿದಳು. ದ್ರಾಕ್ಷಿ ತೋಟದವರ ಮನೆಯಲ್ಲಿ ರೊಟ್ಟಿ ಊಟ. ಮನೆಯಾಕೆ, "ನಮ್ಮ ಮನ್ಯಾಗ ಯಾರೂ ವೈನ್ ಮುಟ್ಟಂಗಿಲ್ರೀ ಅಕ್ಕಾರ, ಹಣ್ಣು ಬೆಳಿಯೂದಷ್ಟ ನಮ್ಮ ಕೆಲ್ಸ" ಅಂದಳಂತೆ. ಅದಕ್ಕೆ ಅವ್ವ, "ನಮ್ಮನೇಲೂ ಯಾರೂ ಬೀಡಿ ಮುಟ್ಟಕಿಲ್ಲ ಕಣವ್ವ. ಆದ್ರೂ ಬ್ಯಾರನ್‌ಗೆ ಬೆಂಕಿ ಹಾಕದು ತಪ್ಪಿಲ್ಲ" ಅಂದಳಂತೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರಂತೆ. ಆಮೇಲೆ ಗೈಡು ವೈನ್ ಮಾಡುವ ಜಾಗದಿಂದ ತರಿಸಿ, ಆ ತೋಟದಲ್ಲೇ ಎಲ್ಲರಿಗೂ ಸಣ್ಣ ಸಣ್ಣ ಗಾಜಿನ ಲೋಟದಲ್ಲಿ ವೈನ್ ಕೊಡಿಸಿದನಂತೆ. "ನಾನು ಮುಟ್ನಿಲ್ಲಪ್ಪ" ಅಂದಳು ಅವ್ವ. ನನಗೆ ಬೇಕಾಗಿದ್ದೇ ಅದು. ಇಬ್ಬರು ಹೆಂಗಸರು ಸುಮ್ಮನೆ ಕೂತಿದ್ದನ್ನು ಬಿಟ್ಟು, ಮೂಗು ಮುಚ್ಚಿಕೊಂಡ ಅವ್ವನ ವೇಷ ಕಟ್ಟಿ ಡೇರಿಗೆ ತಂದೆ.

ಅವರೆಲ್ಲ ಊರು ಸೇರಿದ ದಿನ ಸಾಯಂಕಾಲ, "ಸುಸ್ತಾಗಿದ್ದೀಯ, ಕ್ಯಾನು ನಾನೇ ತಗೊಂಡೋಗ್ತೀನಿ" ಅಂದರೆ ಅವ್ವ ಕೊಡಲಿಲ್ಲ. ತಲೆ ಬಾಚಿಕೊಂಡು, ಒಣದ್ರಾಕ್ಷಿಯ ಪೊಟ್ಟಣ ಹಿಡಿದುಕೊಂಡು ಹೊರಟಳು. ನಾನೂ ಹಿಂದೆ ಹೋದೆ.

"ಮಂಗ್ಳೂರಲ್ಲಿ ನೀರಿಗಿಳಿದ್ನಾ..." ಅಂತ ಶುರುಮಾಡಿದಳು.

"ಚಪ್ಲಿ ಎಳ್ಕಂಡೋಯ್ತು! ಗೊತ್ತು ಕಣಕ್ಕಾ" ಅಂದಳು ಚಿಕ್ಕವ್ವ.

"ಊಂ. ಆ ಗೈಡು ಅಂದ್ರೆ..."

"ಮಾರಾಯ್ರೆ ಮಾರಾಯ್ರೆ ಅನ್ನನು ತಾನೆ?"

"ಇವ್ರು ಅವನ್ನ..."

"ನಾಲೆ ಎಲ್ಲದೆ ಅಂತ ಕೇಳುದ್ರಲ್ಲ!" ಸಾಲಿಗೆ ಸಾಲೇ ನಕ್ಕಿತು. "ನಿನ್ನ ಮಗ ಎಲ್ಲಾ ಮಾಡ್ತೋರ್ಸವ್ನೆ. ನಾವೂ ನಿನ್ನ ಜೊತೇಲೇ ಬಂದಂಗಾಯ್ತು ಬುಡಕ್ಕಾ."

ಚಿಕ್ಕವ್ವ ಅದನ್ನು ಪ್ರೀತಿಯಿಂದಲೇ ಅಂದಳು. ಅವ್ವ ನನ್ನ ಕಡೆ ತಿರುಗಿ ನೋಡಿದಳು. ಕೋಪ ಇರಲಿಲ್ಲ, ಇದ್ದಿದ್ದರೆ ಅದನ್ನೂ ನಕಲು ಮಾಡಿ ನಗಿಸಿ ಪಾರಾಗುತ್ತಿದ್ದೆ. ಎಲ್ಲರ ಕೈಗೂ ನಾಲ್ಕು ನಾಲ್ಕು ದ್ರಾಕ್ಷಿ ಹಾಕಿ, ಹಾಲು ಅಳೆಸಿ, ಮನೆಗೆ ಬಂದಳು. ಮಾರನೆಯ ಬೆಳಗ್ಗೆಯಿಂದ ಕ್ಯಾನನ್ನು ನನ್ನ ಕೈಗೇ ಕೊಟ್ಟಳು. "ನೀನೇ ಓಗ್ಬಾ. ನಿನ್ನ ಕಂಡ್ರೆ ಅವ್ರಿಗೆ ಖುಸಿ."

ನನ್ನ ತಪ್ಪು ಯಾವುದು ಅಂತ ಗೊತ್ತಾಗಲಿಕ್ಕೆ ನನಗೆ ಕೆಲವು ದಿನ ಹಿಡಿಯಿತು. ಅವಳನ್ನು ಕಳಿಸಿದ್ದು ನಾನು, ಒದೆ ತಿಂದವನೂ ನಾನು, ಆದ್ದರಿಂದ ಪ್ರವಾಸದಲ್ಲಿ ನನಗೂ ಪಾಲಿದೆ ಅಂದುಕೊಂಡಿದ್ದೆ. ಪಾಲು ಕೇಳುವ ಬದಲು ಪೂರ್ತಿ ಎತ್ತಿಕೊಂಡಿದ್ದೆ. ದನಿ ಅವಳದು, ಮಾತು ಅವಳದು, ನಗು ಮಾತ್ರ ನನಗೆ ಬಂದಿತ್ತು.

ಸರಿಮಾಡಬೇಕು ಅಂತ ಒಂದು ಬೆಳಗ್ಗೆ ಬಲವಂತವಾಗಿ ಅವಳನ್ನು ಕರೆದುಕೊಂಡು ಹೋದೆ. ಡೇರಿ ಮುಂದೆ ನಿಂತು, "ಇವತ್ತು ನಾನು ಬಾಯಿ ಬುಡಕಿಲ್ಲ. ಅವ್ವನೇ ಹೇಳ್ತಾಳೆ, ಕೇಳಿ" ಅಂತ ಸಾರಿದೆ. ಅವ್ವ ಪದ್ಯ ಒಪ್ಪಿಸಲು ಎಬ್ಬಿಸಿ ನಿಲ್ಲಿಸಿದ ಮಗುವಿನ ಹಾಗೆ ನಿಂತಳು. ಸಾಲು ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಚಿಕ್ಕವ್ವ, "ಅಕ್ಕನೂ ಇಲ್ಲೇ ಅವ್ಳೆ, ಆ ವೈನ್ ತೋಟದ್ದೊಂದ್ಸಲ ಮಾಡ್ಲಾ, ಇಬ್ರುನ್ನೂ ಜೊತೇಲಿ ನೋಡ್ಬುಡನ" ಅಂದಳು.

ಬೇಡ ಅನ್ನಬೇಕಿತ್ತು. ಆದರೆ ಅಷ್ಟು ಮುಖಗಳು ನಗಲು ತಯಾರಾಗಿ ನಿಂತಿರುವಾಗ ಸುಮ್ಮನಿರುವ ಚಟ ನನಗಿಲ್ಲ. ಟವೆಲ್ಲನ್ನು ಸೆರಗು ಮಾಡಿ ತಲೆಗೆ ಹಾಕಿಕೊಂಡೆ. ಮೂಗು ಮುಚ್ಚಿಕೊಂಡೆ.

"ರಾಮ ರಾಮಾ! ಅತ್ಲಾಗಿಡಪ್ಪ, ಅದ್ರ ಗಾಳಿ ಸೋಕ್ಸಬ್ಯಾಡ, ನಾನ್ ಮುಟ್ಟಕಿಲ್ಲ!"

ಎಲ್ಲರೂ ನಕ್ಕರು. ಹಾಲಿನ ಫ್ಯಾಟು ನೋಡುತ್ತಿದ್ದ ಸೆಕ್ರೆಟ್ರಿಯೂ ಕಿಟಕಿಯಿಂದ ಮುಖ ಹಾಕಿ ನಕ್ಕ. ಅವ್ವ ಕ್ಯಾನು ಕೆಳಗಿಟ್ಟಳು.

"ಮುಟ್ನಿಲ್ಲ ಅಂತ ನಿಂಗ್ಯಾರ್ಲಾ ಹೇಳಿದ್ದು?"

"ನೀನೇ ಅಲ್ವಾ ಅವ್ವ, ಫೋನಲ್ಲಿ..."

"ಫೋನ್ ಮಾಡ್ದಾಗ ನಿಮ್ಮಪ್ಪ ಪಕ್ಕದಲ್ಲೇ ಕೂತಿತ್ತು. ಇನ್ನೇನ್ ಹೇಳ್ಲಿ?"

ನನ್ನ ಟವೆಲ್ಲು ತಲೆಯ ಮೇಲೆಯೇ ಉಳಿಯಿತು.

"ಅಂಗಾರೆ ಕುಡ್ದ್ಯಾ ಅಕ್ಕಾ?" ಅಂದಳು ಚಿಕ್ಕವ್ವ, ದನಿ ತಗ್ಗಿಸಿ.

"ನಾನೊಬ್ಳೇ ಅಲ್ಲ. ಆ ಮನೆಯವ್ಳೂವೆ. ದ್ರಾಕ್ಷಿ ಒಣಗಾಕ ಶೆಡ್ಡಿನ್ ಹಿಂದ್ಗಡೆ."

ಸಾಲು ಮುರಿದು ಹೆಂಗಸರೆಲ್ಲ ಅವಳ ಸುತ್ತ ನೆರೆದರು. ಕ್ಯಾನುಗಳು ಇದ್ದಲ್ಲೇ ಉಳಿದವು. ಒಬ್ಬಳು ರುಚಿ ಕೇಳಿದಳು, ಇನ್ನೊಬ್ಬಳು ತಲೆ ತಿರುಗಿತಾ ಅಂತ ಕೇಳಿದಳು, ಆ ಮನೆಯಾಕೆ ಏನಂದಳು ಅಂತ ಚಿಕ್ಕವ್ವ ಅವ್ವನ ಕೈ ಹಿಡಿದು ಜಗ್ಗಿದಳು. ಇದು ನಾನೂ ಕೇಳಿರದ ಸಂಗತಿ. ಟವೆಲ್ಲು ಕೆಳಗಿಳಿಸಿ, ಕಿವಿ ಚಾಚಿಕೊಂಡು ನಾನೂ ಒಂದು ಹೆಜ್ಜೆ ಮುಂದೆ ಬಂದೆ. ಅವ್ವ ಅದನ್ನು ನೋಡಿದಳು.

"ಮೊದ್ಲು ಇವನ್ನ ಮನೆಗ್ ಕಳ್ಸಿ, ಆಮೇಲ್ ಹೇಳ್ತೀನಿ. ಇಲ್ದಿದ್ರೆ ಸಂಜೆವೊತ್ಗೆ ಇದೂ ಇವನ್ದೇ ಆಗೋಯ್ತದೆ."